ನಿದ್ದೆಯ ಉಪವಾಸ

ಸಲೋಮೆಯಾ ಆ ಮನೆಗೆ ಬಂದ ಮೊದಲ ವಾರ ಎವ್ಲಂಪಿಯಾಗೆ ಒಂದು ರಾತ್ರಿಯೂ ಸರಿಯಾಗಿ ಕಣ್ಣು ಹತ್ತಲಿಲ್ಲ. ಎರಡು ಕೋಣೆಗಳ ನಡುವೆ ಇದ್ದದ್ದು ಹಲಗೆಯ ಗೋಡೆ. ಆಚೆ ಗೊರಕೆ ಶುರುವಾದರೆ ಈಚೆ ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು.

"ಏನಮ್ಮ ಎವ್ಲಂಪಿಯಾ, ನಿಮ್ಮನೇಲಿ ರಾತ್ರಿಯೆಲ್ಲ ಮರ ಕುಯ್ತಿದ್ದೀರಾ?" ಎಂದು ಪಕ್ಕದ ಮನೆಯ ಪೆಲಾಗಿಯಾ ಬೇಲಿಯಾಚೆಯಿಂದ ಕೇಳಿದಳು. "ಸೌದೆ ಹೆಚ್ಚಾದ್ರೆ ನಮಗೂ ಎರಡು ಹೊರೆ ಕಳಿಸ್ರಿ."

ಪೊಯಾನ ಸೋಕುಲುಯ್ ಎಂಬ ಕ್ರೈಸ್ತ ಮಠದಲ್ಲಿ ಸನ್ಯಾಸಿನಿಯರು ಒಂದೇ ಸೂರಿನಡಿ ಇರುವುದಿಲ್ಲ. ಚರ್ಚಿನಿಂದ ಕೆಳಗಿಳಿಯುವ ಓಣಿಯ ಎರಡೂ ಬದಿಗೆ ಸುಣ್ಣ ಬಳಿದ ಸಣ್ಣ ಸಣ್ಣ ಮನೆಗಳು. ಒಂದೊಂದರಲ್ಲಿ ಇಬ್ಬರು, ಒಬ್ಬಳು ಹಿರಿಯಳು, ಒಬ್ಬಳು ಕಿರಿಯಳು. ಎವ್ಲಂಪಿಯಾಳ ಹಿರಿಯಳು ತೀರಿಕೊಂಡ ಮೇಲೆ ಆ ಮನೆಯ ಇನ್ನೊಂದು ಕೋಣೆ ಆರು ಚಳಿಗಾಲ ಖಾಲಿ ಬಿದ್ದಿತ್ತು. ಆ ಚಳಿಗಾಲಗಳಲ್ಲಿ ಎವ್ಲಂಪಿಯಾ ಮನೆ ಬೆಚ್ಚಗಿಡುವ ಗೋಡೆಯೊಲೆಯ ಜೊತೆ ಮಾತಾಡುವುದನ್ನು ಕಲಿತಳು. ಇವತ್ತು ಹಿಮ ಜಾಸ್ತಿ, ಹುರುಳಿ ಬೇಯ್ತಿಲ್ಲ, ಮೊಣಕಾಲು ಹಿಡ್ಕೊಂಡಿದೆ. ಒಲೆ ಕೇಳಿಸಿಕೊಳ್ಳುತ್ತಿತ್ತು.

ಸಲೋಮೆಯಾಳನ್ನು ಕರೆತಂದವರು ಮಠವನ್ನು ನಡೆಸುವ ದೊಡ್ಡಮ್ಮ ತೆಯೊಫಾನಾ. ಹುಡುಗಿ ಬೆಟ್ಟದಾಚೆಯ ಬೇರೊಂದು ಮಠದವಳು. ಅಲ್ಲಿ ಎಲ್ಲರೂ ಸಾಲಾಗಿ ಮಲಗಿ, ನಡುರಾತ್ರಿ ಪ್ರಾರ್ಥನೆಗೆ ಒಟ್ಟಿಗೆ ಏಳಬೇಕು. ಎರಡು ವರ್ಷ ಹಾಗೆ ಎದ್ದಳು. ಮೂರನೆಯ ವರ್ಷ ಅವಳಿಗೆ ಮಲಗುವುದೇ ಮರೆತುಹೋಯಿತು. ಯಾರೂ ಇಲ್ಲದ ಕಡೆಯಿಂದ ಮಾತು ಕೇಳತೊಡಗಿತು. ಆಸ್ಪತ್ರೆಯಲ್ಲಿ ಕಾಯಿಲೆಗೆ ಸ್ಕಿಜೋಫ್ರೇನಿಯಾ ಎಂದು ಹೆಸರು ಹೇಳಿ, ಗುಳಿಗೆ ಕೊಟ್ಟು ಕಳಿಸಿದ್ದರು.

"ರಾತ್ರಿ ಊಟ ಆದ್ಮೇಲೆ ಗುಳಿಗೆ. ಆಮೇಲೆ ನಿದ್ದೆ. ನಡುರಾತ್ರಿ ಗಂಟೆಗೆ ಇವಳನ್ನ ಎಬ್ಬಿಸಬೇಡಿ," ಎಂದು ದೊಡ್ಡಮ್ಮ ಹೊಸಿಲಲ್ಲೇ ನಿಂತು ಹೇಳಿದರು. ಆಮೇಲೆ ಎವ್ಲಂಪಿಯಾಳನ್ನು ಅಂಗಳಕ್ಕೆ ಕರೆದು ದನಿ ತಗ್ಗಿಸಿದರು. "ಇನ್ನೊಂದ್ಸಲ ಆಸ್ಪತ್ರೆಗೆ ಹೋಗೋ ಹಾಗಾದ್ರೆ ನನ್ನ ಕೈಲಿ ಇಟ್ಕೊಳ್ಳೋಕಾಗಲ್ಲ. ಮೇಲಿನವರು ಒಪ್ಪಲ್ಲ. ಅಣ್ಣನ ಮನೆಗೆ ಕಳಿಸಬೇಕಾಗತ್ತೆ. ನೋಡ್ಕೊಳ್ಳಿ."

ಎವ್ಲಂಪಿಯಾ ನೋಡಿಕೊಂಡಳು. ಗುಳಿಗೆ ನುಂಗಿದ ಹುಡುಗಿ ಕಲ್ಲಿನಂತೆ ಮಲಗುತ್ತಿದ್ದಳು. ಬೆಳಿಗ್ಗೆ ಎದ್ದಾಗ ದಿಂಬು ಎಂಜಲಿನಿಂದ ಒದ್ದೆ, ನಾಲಿಗೆ ಭಾರ. ಮಧ್ಯಾಹ್ನದ ತನಕ ಮಂಪರು. ಮಂಪರು ಇಳಿದರೆ ಹಸಿವು. ಮೆಕ್ಕೆಜೋಳದ ಹಿಟ್ಟಿನಿಂದ ಮುದ್ದೆಯಂತೆ ಕಟ್ಟಿದ ಮಾಮಲಿಗಾವನ್ನು ಗಿಣ್ಣು, ಕೆನೆಯ ಜೊತೆ ತಟ್ಟೆ ತುಂಬ ತಿಂದು, ಮತ್ತೆ ಪಾತ್ರೆ ನೋಡುವಳು. ವರ್ಷದೊಳಗೆ ನಿಲುವಂಗಿಯನ್ನು ಎರಡು ಸಲ ಬಿಚ್ಚಿ ಅಗಲ ಮಾಡಬೇಕಾಯಿತು. ಚರ್ಚಿನ ಏರು ಹತ್ತುವಾಗ ನಡುವೆ ನಿಂತು ಏದುಸಿರು ಬಿಡುವಳು. ಹಳ್ಳಿಯ ಡಾಕ್ಟರು ರಕ್ತದಲ್ಲಿ ಸಕ್ಕರೆ ಏರುತ್ತಿದೆ, ಒತ್ತಡವೂ ಏರುತ್ತಿದೆ, ತೂಕ ಇಳಿಸಿ ಎಂದರು. ಹೇಗೆ ಎಂದು ಹೇಳಲಿಲ್ಲ.

"ಹಂದಿ ಥರ ಮಲಗ್ತೀನಿ ಅಮ್ಮಾ. ಎಲ್ಲರೂ ಪ್ರಾರ್ಥನೆಗೆ ಹೋಗ್ತಾರೆ, ನಾನು ಬಿದ್ಕೊಂಡಿರ್ತೀನಿ."

"ಹಂದಿ ಹೀಗೆ ಗೊರಕೆ ಹೊಡೆಯಲ್ಲ ಮಗಾ. ಅದಕ್ಕೂ ನಾಚಿಕೆ ಅನ್ನೋದಿದೆ."

ಸಲೋಮೆಯಾ ಮೊದಲು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಬಹಳ ಕಾಲವಾಗಿತ್ತು. ಎರಡು ತಿಂಗಳಾಗುವ ಹೊತ್ತಿಗೆ ಹಲಗೆಯಾಚೆಯ ಗೊರಕೆ ಶುರುವಾಗದೆ ಎವ್ಲಂಪಿಯಾಗೆ ನಿದ್ದೆ ಬಾರದ ಹಾಗಾಯಿತು. ಒಲೆಯ ಜೊತೆ ಮಾತು ನಿಂತಿತು.

ಹಗಲು ಇಬ್ಬರೂ ಮಗ್ಗಕ್ಕೆ ಕೂರುತ್ತಿದ್ದರು. ನಿಲುವಾದ ಮಗ್ಗ, ಒಂದೇ ಬೆಂಚು, ಎಡಕ್ಕೆ ಹಿರಿಯಳು, ಬಲಕ್ಕೆ ಕಿರಿಯಳು. ಒಂದೊಂದೇ ಗಂಟು ಹಾಕುತ್ತ ಅಂಚಿನಿಂದ ನಡುವಿಗೆ ಬರಬೇಕು. ಸಾಲು ಮುಗಿದ ಮೇಲೆ ಕಬ್ಬಿಣದ ಹಣಿಗೆಯಿಂದ ಇಬ್ಬರೂ ಒಟ್ಟಿಗೆ ಬಡಿಯಬೇಕು. ಎರಡೂ ಕಡೆ ಸಮನಾಗಿ ಏರಿದರೆ ಮಾತ್ರ ಜಮಖಾನ. ಸಲೋಮೆಯಾಳ ಕೈ ನಿಧಾನ. ಎವ್ಲಂಪಿಯಾ ಅವಳಿಗಾಗಿ ಕಾಯುವಳು. ಕಾಯುವುದಕ್ಕೆ ಒಬ್ಬರು ಇದ್ದಾರೆ ಎನ್ನುವುದೇ ಅವಳಿಗೆ ಹಿತವಾಗಿತ್ತು.

ಎರಡನೆಯ ವರ್ಷ ಈಸ್ಟರಿನ ಮೊದಲಿನ ದೊಡ್ಡ ಉಪವಾಸ ಬಂತು. ಏಳು ವಾರ ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲು, ಗಿಣ್ಣು, ಬೆಣ್ಣೆ ಯಾವುದೂ ಇಲ್ಲ. ಹುರುಳಿ, ಹುಳಿ ಎಲೆಕೋಸು, ಬೇಯಿಸಿದ ಆಲೂಗಡ್ಡೆ. ಸಲೋಮೆಯಾ ತಾನೂ ಪೂರ್ತಿ ಹಿಡಿಯುತ್ತೇನೆ ಎಂದಳು.

"ನಿನ್ನ ಕೈಲಾಗತ್ತಾ?"

"ಡಾಕ್ಟರೇ ತೂಕ ಇಳಿಸು ಅಂದಿದ್ದಾರಲ್ಲಮ್ಮಾ."

ಅದೂ ನಿಜವೇ ಎನಿಸಿತು ಎವ್ಲಂಪಿಯಾಗೆ.

ಎರಡನೆಯ ವಾರ ಗೊರಕೆ ತಗ್ಗಿತು. ಮೂರನೆಯ ವಾರ ನಿಂತೇಹೋಯಿತು. ಒಂದೆರಡು ರಾತ್ರಿ ಹೊರಳಾಡಿದ ಎವ್ಲಂಪಿಯಾಗೆ ಆಮೇಲೆ ಆ ನಿಶ್ಶಬ್ದದಲ್ಲೂ ನಿದ್ದೆ ಹತ್ತಿತು. ಬೊಜ್ಜು ಕರಗಿದ್ದಕ್ಕೆ ಉಸಿರಾಟ ಹಗುರವಾಯಿತು ಎಂದುಕೊಂಡು ಎವ್ಲಂಪಿಯಾ ದೇವರಿಗೆ ಕೈಮುಗಿದಳು. ಸಲೋಮೆಯಾಳ ಮುಖದಲ್ಲಿ ಕೆನ್ನೆಯ ಮೂಳೆಗಳು ಕಾಣಿಸಿಕೊಂಡವು. ಈಗ ಅವಳು ಏರನ್ನು ಒಂದೇ ಉಸಿರಿಗೆ ಹತ್ತುತ್ತಿದ್ದಳು. ನಡುರಾತ್ರಿಯ ಪ್ರಾರ್ಥನೆಗೆ ಎಲ್ಲರಿಗಿಂತ ಮೊದಲು ಹೋಗಿ ನಿಲ್ಲುತ್ತಿದ್ದಳು. ಎಬ್ಬಿಸಬೇಡಿ ಎಂದಿದ್ದ ದೊಡ್ಡಮ್ಮನೂ, ತಾನಾಗಿ ಎದ್ದು ಬಂದವಳನ್ನು ಏನನ್ನುವುದು ಎಂದು ಸುಮ್ಮನಾದರು.

"ಏನಮ್ಮ, ಸೌದೆ ಡಿಪೋ ಮುಚ್ಚಿಬಿಟ್ರಾ?" ಎಂದಳು ಪೆಲಾಗಿಯಾ. "ಅಲ್ಲಾ, ಹುಡುಗಿ ಹೇಗಾಗಿದ್ದಾಳೆ ನೋಡಿ! ನಾನೂ ನಲವತ್ತು ವರ್ಷದಿಂದ ಉಪವಾಸ ಮಾಡ್ತಿದ್ದೀನಿ, ಸೊಂಟ ಮಾತ್ರ ಕರಗ್ಲಿಲ್ಲ."

ಹಳ್ಳಿಯ ಡಾಕ್ಟರು ತೂಕದ ಯಂತ್ರ ನೋಡಿ ಕನ್ನಡಕ ಮೇಲೇರಿಸಿದರು. ಸಕ್ಕರೆ ಇಳಿದಿತ್ತು. ಒತ್ತಡ ಇಳಿದಿತ್ತು. "ಶಹಬ್ಬಾಸ್! ಎಲ್ಲರೂ ನಿಮ್ಮ ಥರ ಮಾತು ಕೇಳಿದ್ರೆ ನಾನು ಅಂಗಡಿ ಮುಚ್ಚಬೇಕಾಗತ್ತೆ." ರಾತ್ರಿ ನಿದ್ದೆ ಬರುತ್ತಿದೆಯೇ ಎಂದು ಅವರು ಕೇಳಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕುಳಿತ ಎವ್ಲಂಪಿಯಾ ಹೆತ್ತವಳ ಹಾಗೆ ಬೀಗಿದಳು.

ಜಮಖಾನದಲ್ಲಿ ಮಾತ್ರ ಏನೋ ಸರಿಯಿರಲಿಲ್ಲ. ಸಂಜೆ ಎರಡೂ ಕಡೆ ಸಮಮಾಡಿ ಏಳುತ್ತಿದ್ದರು. ಬೆಳಿಗ್ಗೆ ಕೂರುವಾಗ ಬಲಭಾಗ ಬೆರಳಗಲ ಮೇಲಿರುತ್ತಿತ್ತು. ಎವ್ಲಂಪಿಯಾ ತನ್ನ ಕಣ್ಣನ್ನೇ ಅನುಮಾನಿಸಿದಳು. ಸಂಜೆಯ ಬೆಳಕಿನಲ್ಲಿ ತಾನೇ ಸಾಲು ತಪ್ಪಿಸುತ್ತಿದ್ದೇನೆ, ತನ್ನ ಕೈ ಸೋಲುತ್ತಿದೆ, ಅರವತ್ತಾಯಿತಲ್ಲ ಎಂದುಕೊಂಡಳು. ಯಾರಿಗೂ ಹೇಳದೆ ಬೇಗ ಬೇಗ ಗಂಟು ಹಾಕಿ ಸಮಮಾಡುವಳು. ಮರುದಿನ ಮತ್ತೆ ಹಾಗೆಯೇ.

ಐದನೆಯ ವಾರದ ಒಂದು ಬೆಳಿಗ್ಗೆ ಅವಳು ಬಲಭಾಗದ ಮೇಲೆ ಬೆರಳಾಡಿಸಿದಳು. ಮೇಲಿನ ಸಾಲುಗಳು ಮೆತ್ತಗೆ, ಕೋಳಿಮರಿಯ ಮೈಯಂತೆ ಉಬ್ಬಿಕೊಂಡಿದ್ದವು. ಗಂಟು ಹಾಕಿತ್ತು, ಬಡಿದಿರಲಿಲ್ಲ. ಬಡಿದರೆ ಸದ್ದಾಗುತ್ತದೆ. ಸದ್ದಿಗೆ ಅಂಜುವುದು ಮನೆಯಲ್ಲಿ ಇನ್ನೊಬ್ಬರು ಮಲಗಿರುವಾಗ.

ಎವ್ಲಂಪಿಯಾ ಬೆಂಚಿನ ಮೇಲೆ ಕುಳಿತು ಕಾದಳು.

ಸಲೋಮೆಯಾ ಒಳಗೆ ಬಂದಾಗ ಎವ್ಲಂಪಿಯಾ ಕೇಳಿದಳು. "ರಾತ್ರಿ ನೇಯ್ದೆಯಾ?"

"ಒಂಚೂರು."

"ಬಡೀಲಿಲ್ಲ ಯಾಕೆ?"

"ನಿಮಗೆ ಎಚ್ಚರ ಆಗ್ಬಾರದು ಅಂತ. ಪಾಪ, ನೀವು ಚೆನ್ನಾಗಿ ನಿದ್ದೆ ಮಾಡ್ತಿದ್ರಿ."

"ಮಗಾ, ನೀನು ಮಲಗಿ ಎಷ್ಟು ದಿನ ಆಯ್ತು?"

"ಮಲಗ್ತೀನಲ್ಲಮ್ಮಾ, ಒಂದ್ ಗಳಿಗೆ. ಸಾಕಾಗತ್ತೆ."

"ಗುಳಿಗೆ?"

ಸಲೋಮೆಯಾ ನೆಲ ನೋಡಿದಳು. "ಅದ್ರಲ್ಲಿ ಹಾಲಿದೆ," ಎಂದಳು.

"ಏನು?"

"ಹಾಲಿನ ಸಕ್ಕರೆ. ಔಷಧಿ ಅಂಗಡಿ ಹುಡುಗೀನ ನಾನೇ ಕೇಳ್ದೆ, ಇದ್ರಲ್ಲಿ ಉಪವಾಸಕ್ಕಾಗದ್ದು ಏನಾದ್ರೂ ಇದ್ಯಾ ಅಂತ. ಅವಳು ಓದಿ ನೋಡಿ, ಹಾಲಿನ ಸಕ್ಕರೆ ಒಂದಿಷ್ಟು ಇದೆ ಅಂದ್ಲು. ನೀವು ಹಾಲಿನ ಸೌಟು ತಾಗಿದ ಪಾತ್ರೆಯನ್ನೂ ಮುಟ್ಟಲ್ಲ. ನಾನು ದಿನಾ ನುಂಗೋದಾ?"

ಎವ್ಲಂಪಿಯಾಳ ಬಾಯಲ್ಲಿ ಬೈಗುಳ ಬರಬೇಕಿತ್ತು. ಬರಲಿಲ್ಲ. ಹದಿನೆಂಟನೆಯ ವಯಸ್ಸಿನಿಂದ ಉಪವಾಸದಲ್ಲಿ ಹಾಲಿನ ಹನಿ ನಾಲಿಗೆಗೆ ಸೋಕಿಸದವಳಿಗೆ, ಒಂದು ಕ್ಷಣ, ಹುಡುಗಿ ಮಾಡಿದ್ದು ಸರಿಯೆಂದೇ ಅನ್ನಿಸಿತು. ಆ ಕ್ಷಣ ದಾಟಿದ ಮೇಲೆ ಅವಳಿಗೆ ಭಯವಾಯಿತು.

ಶಾಲು ಹೊದ್ದು ನೇರ ಗುರುಗಳ ಬಳಿ ಹೋದಳು. ಪಾಪನಿವೇದನೆ ಕೇಳುವ ಯೆರೊನಿಮ್ ಗುರುಗಳು ಚರ್ಚಿನ ಹಿಂದೆ ಬಕೆಟ್ಟಿನಲ್ಲಿ ಬೂದಿ ಹೊತ್ತು ಹೊರಟಿದ್ದರು.

"ಗುರುಗಳೇ, ಗುಳಿಗೇಲಿ ಹಾಲಿನ ಅಂಶ ಇದ್ರೆ..."

"ನುಂಗಬೇಕು," ಎಂದರು ಅವರು ಬಕೆಟ್ಟು ಇಳಿಸದೆಯೇ. "ಕಾಯಿಲೆಯವರಿಗೆ ಎಂಥ ಉಪವಾಸ? ಗುಳಿಗೆ ಜೊತೆ ಒಂದು ಲೋಟ ಹಾಲನ್ನೂ ಕುಡೀಲಿ, ನಾನು ಹೇಳ್ದೆ ಅಂತ ಹೇಳಿ. ಯಾರಿಗೆ, ನಿಮ್ಮ ಹುಡುಗಿಗಾ? ಹೇಗಿದ್ದಾಳೆ?"

ಎವ್ಲಂಪಿಯಾ ಬಕೆಟ್ಟಿನೊಳಗಿನ ಬೂದಿಯನ್ನು ನೋಡಿದಳು. ಹೇಳಿದರೆ ಇವರು ದೊಡ್ಡಮ್ಮನಿಗೆ ಹೇಳುತ್ತಾರೆ. ದೊಡ್ಡಮ್ಮ ಕಾರು ಕರೆಸುತ್ತಾರೆ.

"ಚೆನ್ನಾಗಿದ್ದಾಳೆ," ಎಂದಳು.

ಮನೆಗೆ ಬಂದು ಅಂಗೈಯಲ್ಲಿ ಗುಳಿಗೆ ಇಟ್ಟು ಚಾಚಿದಳು. "ಗುರುಗಳ ಅಪ್ಪಣೆ ಆಗಿದೆ. ತಗೋ ಮಗಾ."

ಸಲೋಮೆಯಾ ಮುಗುಳ್ನಕ್ಕಳು. "ನೀವು ಗುರುಗಳನ್ನ ಕೇಳ್ಕೊಂಡು ಬರ್ತೀರಿ ಅಂತ ಅವರು ಮೊದಲೇ ಹೇಳಿದ್ರು."

"ಯಾರು?"

ಸಲೋಮೆಯಾ ಗದ್ದವನ್ನು ಒಲೆಯ ಕಡೆ ತಿರುಗಿಸಿದಳು.

ಎವ್ಲಂಪಿಯಾಳೂ ಒಲೆಯ ಕಡೆ ನೋಡಿದಳು. ಆರು ಚಳಿಗಾಲ ಅವಳು ಮಾತಾಡಿದ್ದಳು, ಅದು ಒಂದು ಸಲವೂ ತಿರುಗಿ ಮಾತಾಡಿರಲಿಲ್ಲ.

"ನುಂಗು. ಪಾಪ ಬಂದ್ರೆ ನನ್ನ ತಲೆ ಮೇಲೆ ಇರಲಿ. ನಾನು ನಿನ್ನ ಹಿರಿಯಳು, ನಾನು ಹೇಳ್ತಿದ್ದೀನಿ."

"ಅದನ್ನೂ ಹೇಳ್ತೀರಿ ಅಂದಿದ್ರು." ಸಲೋಮೆಯಾ ತುಟಿ ಬಿಗಿದಳು. ಕಹಿ ಔಷಧಿ ಕಂಡ ಮಗುವಿನ ಹಾಗೆ. ಆ ತುಟಿ ಸಂಜೆಯವರೆಗೂ ತೆರೆಯಲಿಲ್ಲ.

ಈಸ್ಟರಿಗೆ ಇನ್ನು ಕೆಲವೇ ದಿನ ಎಂದು ಎವ್ಲಂಪಿಯಾ ತನಗೆ ತಾನೇ ಹೇಳಿಕೊಂಡಳು. ಹಬ್ಬ ಬಂದರೆ ಹಾಲು ಬರುತ್ತದೆ, ಹಾಲು ಬಂದರೆ ಗುಳಿಗೆಗೂ ಅಡ್ಡಿಯಿಲ್ಲ. ಅಲ್ಲಿಯವರೆಗೆ ಮುಚ್ಚಿಟ್ಟರಾಯಿತು. ಬೆಳಿಗ್ಗೆ ಎದ್ದೊಡನೆ ಹಣಿಗೆ ಹಿಡಿದು ಬಲಭಾಗವನ್ನು ತಾನೇ ಬಡಿದು ಕೂರಿಸುವಳು, ಬಂದವರ ಕಣ್ಣಿಗೆ ಬೀಳದಿರಲಿ ಎಂದು. ಮಾಮಲಿಗಾದಲ್ಲಿ ಗುಳಿಗೆ ಪುಡಿಮಾಡಿ ಹಾಕುವ ಯೋಚನೆಯೂ ಬಂತು. ಸಲೋಮೆಯಾ ಅಷ್ಟು ಹೊತ್ತಿಗೆ ಮಾಮಲಿಗಾವನ್ನೂ ಬಿಟ್ಟಿದ್ದಳು. ಒಣ ರೊಟ್ಟಿಯ ಚೂರು, ನೀರು. ಮಾತು ಕಡಿಮೆಯಾಯಿತು. ಮಗ್ಗದ ಮುಂದೆ ಕುಳಿತವಳು ನಡುನಡುವೆ ಕೈ ನಿಲ್ಲಿಸಿ, ಯಾರೋ ಮಾತು ಮುಗಿಸಲಿ ಎಂದು ಕಾಯುವವಳ ಹಾಗೆ ತಲೆ ವಾಲಿಸುವಳು. ಎವ್ಲಂಪಿಯಾ ಪಕ್ಕದಲ್ಲೇ ಕುಳಿತಿರುತ್ತಿದ್ದಳು. ಎವ್ಲಂಪಿಯಾಳೊಡನೆ ಮಾತ್ರ ಯಾರೂ ಮಾತಾಡುತ್ತಿರಲಿಲ್ಲ.

ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಹಿಂದಿನ ದಿನ ಮಧ್ಯಾಹ್ನ ಸಲೋಮೆಯಾಳ ಕಾಲಿಗೆ ಚಪ್ಪಲಿ ಏರಲಿಲ್ಲ. ಅವಳು ಅದನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದಳು. ಎವ್ಲಂಪಿಯಾ ಬಾಗಿ ನಿಲುವಂಗಿಯ ಅಂಚನ್ನು ಎತ್ತಿದಳು. ಎರಡು ಕಾಲೂ ಹುದುಗು ಬಂದ ಹಿಟ್ಟಿನ ಹಾಗೆ ಊದಿದ್ದವು. ಚರ್ಮ ಬಿಗಿದು ಹೊಳೆಯುತ್ತಿತ್ತು. ಎಡಗಾಲಿನ ಹರಡಿನ ಮೇಲೆ ಚರ್ಮ ಸೀಳಿ ನೀರು ಜಿನುಗುತ್ತಿತ್ತು, ಸುತ್ತಲೂ ಕೆಂಪು. ನೇಯುವಷ್ಟು ಹೊತ್ತು ನೇಯ್ದು, ಉಳಿದ ರಾತ್ರಿಯೆಲ್ಲ ಇವಳು ನಿಂತೇ ಇರುತ್ತಿದ್ದಳೆಂದು ಎವ್ಲಂಪಿಯಾಗೆ ಆಗ ಗೊತ್ತಾಯಿತು. ವಾರಗಟ್ಟಲೆ, ಹಲಗೆಯ ಆಚೆ ನಿಂತೇ ಇದ್ದಳು. ಈಚೆ ತಾನು ಸುಖವಾಗಿ ಮಲಗಿದ್ದಳು.

"ನೋಯ್ತಿಲ್ವೇನೇ ಕಾಲು?"

ಸಲೋಮೆಯಾ ಕೆಳಗೆ ನೋಡಿದಳು. "ಯಾರ ಕಾಲು ಅಮ್ಮಾ?" ಎಂದು ಕೇಳಿದಳು.

ಎವ್ಲಂಪಿಯಾ ಮೆಲ್ಲನೆ ಬಟ್ಟೆಯ ಅಂಚನ್ನು ಕೆಳಗೆ ಬಿಟ್ಟಳು. ಶಾಲು ಹುಡುಕಲಿಲ್ಲ. ಹಾಗೆಯೇ ಹೊರಟಳು.

ಓಣಿಯಲ್ಲಿ ಪೆಲಾಗಿಯಾ ಸಿಕ್ಕಳು. "ನಿಮ್ಮನೇಲಿ ರಾತ್ರಿ ದೀಪ ಆರೋದೇ ಇಲ್ಲ ಅಂತ ಎಲ್ಲರೂ ಮಾತಾಡ್ಕೋತಿದ್ದಾರೆ. ಸಂತಳನ್ನ ಸಾಕ್ತಿದ್ದೀರಮ್ಮ, ಪುಣ್ಯವಂತರು."

"ಅವಳಿಗೆ ಹುಷಾರಿಲ್ಲ ಪೆಲಾಗಿಯಾ," ಎಂದು ಎವ್ಲಂಪಿಯಾ ನಿಲ್ಲದೆ ಹೇಳಿದಳು. ಹೇಳಿದ ಮೇಲೆ ಮಾತು ಹಿಂದಕ್ಕೆ ಬರುವಂತಿರಲಿಲ್ಲ.

ದೊಡ್ಡಮ್ಮ ಎಲ್ಲವನ್ನೂ ನಿಂತೇ ಕೇಳಿದರು. "ನಿಮಗೆ ಯಾವಾಗಿಂದ ಗೊತ್ತು?"

"ವಾರದ ಮೇಲಾಯ್ತು."

"ವಾರ! ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕರ್ಕೊಂಡು ಹೋಗ್ತೀರಿ ಅಂತ."

ದೊಡ್ಡಮ್ಮ ಬೈಯಲಿಲ್ಲ. ಕಾರು ಕರೆಸಲು ಫೋನು ಎತ್ತಿಕೊಂಡರು.

"ಹುಷಾರಾದ ಮೇಲೆ ವಾಪಸ್ ಬರ್ತಾಳಾ ಅಮ್ಮಾ?"

"ನಾನು ಮೊದಲೇ ಹೇಳಿದ್ದೆನಲ್ಲ ಎವ್ಲಂಪಿಯಾ."

ಕಾರು ಬಂತು. ಸಲೋಮೆಯಾ ಗಲಾಟೆ ಮಾಡಲಿಲ್ಲ. ಹಿಂದಿನ ಸೀಟಿನಲ್ಲಿ ಕಾಲು ಮೇಲಿಟ್ಟು ಕೂರಿಸಿದರು. ಎವ್ಲಂಪಿಯಾ ಕಂಬಳಿ ಹೊದಿಸುವಾಗ ಅವಳು ಬಹಳ ದಿನದ ಮೇಲೆ ನೇರ ಮುಖ ನೋಡಿದಳು.

"ನೀವೇ ಹೇಳಿದ್ರಾ?"

"ಹೂಂ. ನಾನೇ."

"ನಿನ್ನೆ ರಾತ್ರೀದು ಮೂರು ಸಾಲು ಬಡಿದಿಲ್ಲ," ಎಂದಳು ಸಲೋಮೆಯಾ. "ನೀವು ಬಡೀರಿ."

ಈಸ್ಟರ್ ಬಂತು. ಕೆಂಪು ಮೊಟ್ಟೆ, ಗಿಣ್ಣು ತುಂಬಿದ ಸಿಹಿ ರೊಟ್ಟಿ ಮನೆಮನೆಗೂ ಬಂದವು. ಎದುರು ಸಿಕ್ಕವರೆಲ್ಲ, ಕ್ರಿಸ್ತ ಎದ್ದಿದ್ದಾನೆ ಎಂದು ಹೇಳುತ್ತಿದ್ದರು. ನಿಜವಾಗಿಯೂ ಎದ್ದಿದ್ದಾನೆ ಎಂದು ಎವ್ಲಂಪಿಯಾ ಉತ್ತರಿಸುತ್ತಿದ್ದಳು. ಎಲ್ಲರ ಬಾಯಲ್ಲೂ ಎದ್ದವನ ಸುದ್ದಿ. ಅವಳಿಗೆ ಬೇಕಾಗಿದ್ದದ್ದು ಒಬ್ಬಳು ಮಲಗಿದಳೇ ಎನ್ನುವ ಸುದ್ದಿ. ಜಮಖಾನ ಮುಗಿಸಲು ಇನ್ನೊಬ್ಬಳನ್ನು ಕಳಿಸುತ್ತೇನೆಂದು ದೊಡ್ಡಮ್ಮ ಹೇಳಿದರು. ಎವ್ಲಂಪಿಯಾ ಬೇಡವೆಂದಳು. ಬೆಂಚಿನ ಮೇಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸರಿಯುತ್ತ ಎರಡು ಭಾಗವನ್ನೂ ತಾನೇ ನೇಯ್ದಳು.

ಹಬ್ಬದ ವಾರ ಕಳೆದ ಮೇಲೆ ಅಪ್ಪಣೆ ಸಿಕ್ಕಿತು. ಬಸ್ಸು ಹತ್ತಿ ಪಟ್ಟಣದ ಆಸ್ಪತ್ರೆಗೆ ಹೋದಳು. ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ನಿದ್ದೆಗೆಟ್ಟ ಕಣ್ಣು.

"ಕಾಲಿನ ಸೋಂಕು ಇಳೀತಾ ಇದೆ. ತಡ ಮಾಡಿದ್ರೆ ರಕ್ತಕ್ಕೆ ಏರ್ತಿತ್ತು," ಎಂದರು. "ಗುಳಿಗೆ ಯಾಕೆ ನಿಲ್ಲಿಸಿದ್ಲು ಅಂತ ಯಾರೂ ಹೇಳ್ತಿಲ್ಲ. ಅವಳೂ ಹೇಳಲ್ಲ."

"ಅದ್ರಲ್ಲಿ ಹಾಲಿತ್ತು," ಎಂದಳು ಎವ್ಲಂಪಿಯಾ. ಡಾಕ್ಟರು ನಗಬಹುದೆಂದು ಕಾದಳು. ಅವರು ನಗಲಿಲ್ಲ. "ಹಾಲಿಲ್ಲದ್ದು ಯಾವುದಾದ್ರೂ ಇದ್ಯಾ?"

"ಇದೆಯಲ್ಲ. ತಿಂಗಳಿಗೊಂದು ಸೂಜಿ ಚುಚ್ಚಿದ್ರೆ ಆಯ್ತು. ಮೊದಲೇ ಕೇಳಿದ್ದಿದ್ರೆ..." ಡಾಕ್ಟರು ಮಾತು ಅರ್ಧಕ್ಕೆ ಬಿಟ್ಟರು. "ಇರಲಿ. ಇನ್ನು ಸೂಜೀನೇ ಕೊಡೋಣ. ಸೋಮವಾರ ಅವರಣ್ಣ ಬಂದು ಕರ್ಕೊಂಡು ಹೋಗ್ತಾರೆ. ಬಕಾವಿಗೆ. ಅವರಿಗೂ ಹೇಳ್ತೀನಿ."

ಬಕಾವು ದೂರ. ಮೂರು ಬಸ್ಸು ಬದಲಿಸಬೇಕು. ಸನ್ಯಾಸಿನಿಗೆ ಅಷ್ಟು ದೂರದ ಅಪ್ಪಣೆ ಸಿಗುವುದಿಲ್ಲ. ಎವ್ಲಂಪಿಯಾ ತಲೆಯಾಡಿಸಿದಳು.

ವಾರ್ಡಿನಲ್ಲಿ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಸಲೋಮೆಯಾ ಮಗ್ಗುಲಾಗಿ ಮಲಗಿದ್ದಳು. ತಲೆವಸ್ತ್ರವಿಲ್ಲದ ಕೂದಲು ಕತ್ತರಿಸಿದ ಹುಲ್ಲಿನ ಹಾಗಿತ್ತು. ಕಾಲಿಗೆ ಬ್ಯಾಂಡೇಜು. ಒಂದು ಕೈ ಕೆನ್ನೆಯ ಕೆಳಗೆ ಸಿಕ್ಕಿಕೊಂಡಿತ್ತು.

"ಎಬ್ಬಿಸ್ಲಾ ಮಾತೆ?" ಎಂದು ದಾದಿ ಕೇಳಿದಳು. "ಅಷ್ಟು ದೂರದಿಂದ ಬಂದಿದ್ದೀರಿ. ಇವಳು ಬಿಟ್ರೆ ಸಂಜೆ ತನಕ ಏಳಲ್ಲ."

"ಬೇಡ ಬೇಡ."

ಅವಳು ಮಂಚದ ಪಕ್ಕದ ಸ್ಟೂಲಿನಲ್ಲಿ ಕುಳಿತಳು. ಹೇಳಬೇಕೆಂದುಕೊಂಡ ಮಾತುಗಳು ಕೆಲವಿದ್ದವು. ಗುರುಗಳಿಗೆ ಸುಳ್ಳು ಹೇಳಿದ್ದು, ದೊಡ್ಡಮ್ಮನಿಗೆ ನಿಜ ಹೇಳಿದ್ದು, ಒಂದು ತನಗಾಗಿ, ಇನ್ನೊಂದು ಅವಳಿಗಾಗಿ ಎನ್ನುವುದು. ಕೆನ್ನೆಯಡಿಯ ಕೈ ಜೋಮು ಹಿಡಿಯಬಹುದು ಎನಿಸಿತು. ತೆಗೆದರೆ ಎಚ್ಚರವಾದೀತು ಎಂದು ತೆಗೆಯಲಿಲ್ಲ. ಬಿಸಿಲು ಕಂಬಳಿಯ ಮೇಲಿಂದ ಗೋಡೆಗೆ ಸರಿಯಿತು. ಭೇಟಿಯ ಹೊತ್ತು ಮುಗಿಯಿತೆಂದು ದಾದಿ ಬಾಗಿಲ ಬಳಿ ಬಂದು ನಿಂತಳು.

"ಎದ್ಮೇಲೆ ಯಾರು ಬಂದಿದ್ರು ಅಂತ ಹೇಳ್ಲಿ?"

ಎವ್ಲಂಪಿಯಾ ಶಾಲು ಸರಿಮಾಡಿಕೊಂಡಳು.

"ಏನೂ ಹೇಳಬೇಡಿ. ಚೆನ್ನಾಗಿ ನಿದ್ದೆ ಬಂತಾ ಅಂತ ಕೇಳಿ, ಸಾಕು."

ಹೊರಗೆ ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಬೆಂಚಿನ ಇನ್ನೊಂದು ತುದಿಯಲ್ಲಿ ಯಾರೂ ಇರಲಿಲ್ಲ. ಆದರೂ ಅವಳು ನಡುವಿಗೆ ಸರಿಯದೆ, ಒಂದು ತುದಿಯಲ್ಲೇ ಕುಳಿತಳು.